ಎಡಗೋಡೆ, ಬಲಗೋಡೆ

ಅಮ್ಮ ಒಣಗಿದ ಬೆಡ್‌ಶೀಟಿನ ಎರಡು ಮೂಲೆಗಳನ್ನು ಒಟ್ಟು ಮಾಡಿ ರೂಮಿನ ಬಾಗಿಲ ಚಿಲಕಕ್ಕೆ ಸಿಕ್ಕಿಸಿದಳು. ಉಳಿದ ಎರಡು ಮೂಲೆಗಳನ್ನು ಹಿಡಿದುಕೊಂಡು ಹಿಂದೆ ಹಿಂದೆ ಹೆಜ್ಜೆಯಿಡತೊಡಗಿದಳು. ಹಲ್ಲುಜ್ಜುತ್ತ ಬಚ್ಚಲಿನಿಂದ ಈಚೆ ಬಂದಿದ್ದ ಅವನು ಬಾಯಿ ತುಂಬ ನೊರೆ ಇಟ್ಟುಕೊಂಡು ನಿಂತುಬಿಟ್ಟ. ನೋಡಬಾರದ್ದನ್ನು ನೋಡಿದವನ ಹಾಗೆ ಮತ್ತೆ ಒಳಗೆ ಹೋಗಿ ಬಾಯಿ ತೊಳೆದುಕೊಂಡು ಕನ್ನಡಿಯತ್ತ ಮುಖವೆತ್ತುವ ಹೊತ್ತಿಗೆ ಆ ಮಾತು ಕೇಳಿಸಿತು. ಕೇಳಿಸಿದ್ದು ಎಡಗಡೆಯಿಂದ, ತುಸು ಹಿಂದಿನಿಂದ, ಅವನೇ ಅದನ್ನು ಕೂರಿಸಿದ ಜಾಗದಿಂದ. ನೀನು ಹೋದ್ರೆ ಹೋಗು, ಚಿಲಕಕ್ಕೆ ಸಿಕ್ಕಿಸ್ಕೋತೀನಿ. ಅಮ್ಮನದೇ ದನಿ, ಆದರೆ ಇವತ್ತಿನದಲ್ಲ, ಹೋದ ವರ್ಷದ್ದು. ಆ ಮಾತು ಈಗ ಒಂದು ಸಿನಿಮಾದೊಳಗೆ ಇದೆ. ಆ ಸಿನಿಮಾ ಈ ಮಧ್ಯಾಹ್ನ ಬಿಡುಗಡೆ. ಆ ಆಟಕ್ಕೆ ಅಮ್ಮನಿಗೊಂದು ಪಾಸು, ಅತ್ತೆಗೊಂದು ಪಾಸು, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರಿಗೆ ಕೊಟ್ಟು ಬಂದವನು ತಾನೇ.

ಅತ್ತೆಯೆಂದರೆ ಅಪ್ಪನ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಮದುವೆ ಬೇಡವೆಂದಳು, ಮನೆಯವರು ಗೋಗರೆದು ಗೋಗರೆದು ಸಾಕಾಗಿ ಸುಮ್ಮನಾದರು, ಮಹಡಿಯ ರೂಮು ಅವಳದಾಯಿತು. ಅಮ್ಮ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ಅವನು ಕೇಳಿಯೇ ಇಲ್ಲ. ಎಕ್ಸ್‌ಚೇಂಜು ಎಂದೇ ಕರೆಯುವುದು. ಎಕ್ಸ್‌ಚೇಂಜು, ಗ್ಯಾಸ್ ಆಫ್ ಮಾಡಿದ್ಯಾ. ಎಕ್ಸ್‌ಚೇಂಜು, ನನ್ನ ಕನ್ನಡಕ ಕಂಡ್ಯಾ. ಅತ್ತೆಯೂ ಮಹಡಿಯಿಂದಲೇ, ಒಂದೊಂದು ಅಕ್ಷರವನ್ನೂ ಬಿಡಿಸಿ, ಎಷ್ಟೋ ಊರುಗಳಾಚೆಗೆ ಮುಟ್ಟಿಸಬೇಕಾದ ದನಿಯಲ್ಲಿ ಉತ್ತರ ಕೊಡುವಳು. ನಿಮ್ಮ ತಲೆ ಮೇಲಿದೆ ಅತ್ತಿಗೆ. ನಡುವಿನ ರೂಮಿನಲ್ಲಿ ಪುಸ್ತಕ ಹಿಡಿದು ಕೂತ ಹುಡುಗನಿಗೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಮೆಟ್ಟಿಲು. ಮಾತು ಅವನ ತಲೆಯ ಮೇಲಿಂದ ಅತ್ತಿತ್ತ ಹಾರಾಡುತ್ತಿತ್ತು. ಎಡಬಲ ಎನ್ನುವುದು ಅವನಿಗೆ ತನ್ನ ಕೈಗಳಿಂದ ಗೊತ್ತಾದದ್ದಲ್ಲ, ಈ ಇಬ್ಬರಿಂದ. ಅಪ್ಪ ಹೋದ ಮೇಲೂ ಆ ಮನೆ ಬಿಕೋ ಅಂದದ್ದಿಲ್ಲ. ಬಿಕೋ ಅನ್ನತೊಡಗಿದ್ದು ಈಚೆಗೆ, ಒಂದು ಬೀಗದ ದೆಸೆಯಿಂದ.

ಅತ್ತೆ ತನ್ನ ಬೀರುವಿಗೆ ಬೀಗ ಹಾಕಿದಳು, ಅಮ್ಮ ಕಂಡಳು. ಇರೋದು ನಾವು ನಾವೇ, ಬೀಗ ಯಾರ ಭಯಕ್ಕೋ ಎಂದು ಅತ್ತೆಯನ್ನು ಕೇಳಲಿಲ್ಲ. ಅವನ ಹೆಂಡತಿಯನ್ನು ಕೇಳಿದಳು, ಮಹಡಿಗೆ ಕೇಳಿಸುವ ಹಾಗೆ. ಬೀರುವಿನ ಕೀಲು ಸಡಿಲವಾಗಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಬೀಗ ಹಾಕಿದರೆ ಮಾತ್ರ ನಿಲ್ಲುತ್ತಿತ್ತು, ಇಷ್ಟೇ ಸಂಗತಿ. ಕೀಲಿಗೆ ಹೊಸ ಸ್ಕ್ರೂ ತಂದುಕೊಡುತ್ತೇನೆಂದು ಹೇಳಿ ತರದೇ ಇದ್ದವನು ಅವನೇ ಆದ್ದರಿಂದ ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅಮ್ಮನ ಹತ್ತಿರ ಹೋಗಿ ಹೇಳಿದ. 'ಹಾಗಂತ ಅವಳೇ ಹೇಳ್ಲಿ,' ಎಂದಳು. ಅತ್ತೆಯ ಹತ್ತಿರ ಹೋಗಿ ಹೇಳಿದ. 'ಅವರೇ ಕೇಳ್ಲಿ,' ಎಂದಳು. ಇಬ್ಬರ ನಡುವೆ ಮೆಟ್ಟಿಲು ಹತ್ತಿ ಇಳಿದು ಅವನಿಗೆ ಮಂಡಿ ನೋವು ಬಂತೇ ಹೊರತು ಬೀಗ ಅಲ್ಲೇ ಇತ್ತು. ಕೊನೆಗೊಂದು ಬೆಳಿಗ್ಗೆ ಅತ್ತೆ ಎರಡು ಬೀದಿಯಾಚೆ ಒಂದು ರೂಮು ಬಾಡಿಗೆಗೆ ಹಿಡಿದು ಹೊರಟೇ ಹೋದಳು. ಅಮ್ಮ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ, ಆದರೆ ಅಷ್ಟು ಹೊತ್ತೂ ನಲ್ಲಿ ಬಿಟ್ಟುಕೊಂಡು ಒಂದೇ ಲೋಟವನ್ನು ತೊಳೆಯುತ್ತಿದ್ದಳು. ನೀರಿನ ಸದ್ದು ಬದಲಾಗದೇ ಇದ್ದದ್ದರಿಂದ ಅದು ಒಂದೇ ಲೋಟ ಎಂದು ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾಗುವುದೆಲ್ಲ ಇಂಥದ್ದೇ.

'ಸಿನಿಮಾದಲ್ಲಿ ಏನ್ ಮಾಡ್ತಾನೆ ನಿಮ್ಮ ಮಗ?' ಎಂದು ಯಾರಾದರೂ ಕೇಳಿದರೆ ಅಮ್ಮ, 'ಜೋರು ಕಡಿಮೆ ಮಾಡ್ತಾನೆ,' ಎನ್ನುತ್ತಾಳೆ. ಮೊದಲು ಅವನಿಗೆ ಮುಖಕ್ಕೆ ಹೊಡೆದ ಹಾಗಾಗುತ್ತಿತ್ತು. ಈಗ ಅದಕ್ಕಿಂತ ಚೆನ್ನಾಗಿ ತನ್ನಿಂದಲೂ ಹೇಳಲಾಗದು ಎಂದು ಒಪ್ಪಿಕೊಂಡಿದ್ದಾನೆ. ಪರದೆಯ ಹಿಂದೆ ಮೂರು ಕಡೆ ಸ್ಪೀಕರು, ಎಡಗೋಡೆಗೆ ಒಂದು ಸಾಲು, ಬಲಗೋಡೆಗೆ ಒಂದು ಸಾಲು, ಗುಡುಗು ಭೂಕಂಪಗಳಿಗೆಂದು ನೆಲದ ಹತ್ತಿರ ಇನ್ನೊಂದು. ಯಾವ ಸದ್ದು ಯಾವುದರಿಂದ ಎಷ್ಟು ಬರಬೇಕು ಎಂದು ಹಂಚುವುದು ಅವನ ಕೆಲಸ. ಪಾತ್ರಗಳ ಮಾತನ್ನು ನಡುವಿನದಕ್ಕೆ ಕೊಟ್ಟರೆ ಯಾರ ತಕರಾರೂ ಇರುವುದಿಲ್ಲ. ಅವನಿಗೆ ಖುಷಿ ಕೊಡುವುದು ಗೋಡೆಗಳು. ನೋಡುವವರು ಮುಂದೆ ನೋಡುತ್ತಿರುವಾಗ ಅವರ ಬೆನ್ನ ಹಿಂದೆ ಒಂದು ಕಿಟಕಿ ತೆರೆದು, ಒಂದು ಮರ ನೆಟ್ಟು, ಮರಕ್ಕೊಂದು ಹಕ್ಕಿ ತಂದು ಕೂರಿಸಿ, ಅದು ಅವರಿಗೆ ಗೊತ್ತೇ ಆಗದ ಹಾಗೆ ಇರುವುದು. ಈ ಸಿನಿಮಾದಲ್ಲಿ ಒಬ್ಬಳು ಎಷ್ಟೋ ಕಾಲದ ಮೇಲೆ ತವರಿಗೆ ಬಂದು ಒಂದು ಕೋಣೆಯಲ್ಲಿ ಸುಮ್ಮನೆ ಕೂತಿರುತ್ತಾಳೆ. ಬಾಗಿಲಾಚೆ ಮನೆ ಅವಳಿಲ್ಲದೆಯೂ ನಡೆಯುತ್ತಿರುತ್ತದೆ. 'ಮನೆ ಅವಳ ಬೆನ್ನಿಗೆ ಕೇಳಿಸ್ಬೇಕು. ಮುಖಕ್ಕಲ್ಲ,' ಎಂದಿದ್ದರು ಡೈರೆಕ್ಟರು. ಗುಂಪಿನ ದನಿ ಕೊಡುವ ಕಲಾವಿದರನ್ನು ಕರೆಸಿದರು. ಎಲ್ಲರೂ ಪಾಪ ಕಷ್ಟಪಟ್ಟು ಮಾತಾಡಿದರು, ಆದರೆ ಬಸ್ಸಿಗೆ ಕಾಯುತ್ತಿರುವವರ ಹಾಗೆ ಕೇಳುತ್ತಿತ್ತು. ಆಗ ಅವನಿಗೆ ನೆನಪಾದದ್ದು ತನ್ನ ಹೊಸ ರೆಕಾರ್ಡರನ್ನು ಪರೀಕ್ಷೆ ಮಾಡಲೆಂದು ಮನೆಯ ಊಟದ ಮೇಜಿನ ಮೇಲಿಟ್ಟು ಮರೆತುಹೋಗಿದ್ದ ಒಂದು ಭಾನುವಾರ.

ಆ ಭಾನುವಾರ ಮೇಜಿನ ಮುಂದೆ ಅಮ್ಮ ಈ ಕಡೆ, ಅತ್ತೆ ಆ ಕಡೆ, ನಡುವೆ ಶೀಟು. ಒಂದಾದ ಮೇಲೊಂದು ಶೀಟು ಮಡಚುತ್ತಿದ್ದರು. ಎಳೆದಾಗ ಬಟ್ಟೆ ಫಟ್ ಎನ್ನುವುದು, ಮೂಲೆಗೆ ಮೂಲೆ ಸೇರಿಸಲು ಇಬ್ಬರೂ ಎದುರೆದುರು ನಡೆದು ಬರುವುದು, ಬೆರಳುಗಳು ತಾಗುವುದು, ಮತ್ತೆ ದೂರವಾಗುವುದು. 'ಅತ್ತಿಗೆ, ಅಷ್ಟು ಎಳೀಬೇಡಿ, ಶೀಟಿನ ಜೊತೆ ನಾನೂ ಬಂದ್ಬಿಡ್ತೀನಿ.' 'ಬಾ, ಬೇಡ ಅಂದೋರ್ಯಾರು.' 'ನಾನಿಲ್ದಿದ್ರೆ ಈ ತುದಿ ಯಾರು ಹಿಡೀತಿದ್ರು ನಿಮಗೆ?' 'ನೀನು ಹೋದ್ರೆ ಹೋಗು, ಚಿಲಕಕ್ಕೆ ಸಿಕ್ಕಿಸ್ಕೋತೀನಿ.' ಆಮೇಲೆ ನಗು. ಶೀಟು ಕೈಬಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಉಸಿರು ಹಿಡಿಯಲಾರದೆ ಇಬ್ಬರೂ ನಕ್ಕ ನಗು. ಅವನು ಅಮ್ಮನನ್ನು ಎಡಗೋಡೆಗೆ ಕೊಟ್ಟ, ಅತ್ತೆಯನ್ನು ಬಲಗೋಡೆಗೆ ಕೊಟ್ಟ, ಮಿಕ್ಸಿಂಗ್ ರೂಮಿನ ನಡುವಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ. ಎರಡು ದನಿಗಳೂ ಅವನ ತಲೆಯ ಹಿಂದೆ ಸರಿಯಾಗಿ ನಡುವೆ ಬಂದು ಒಂದರೊಳಗೊಂದು ಬೆರೆತು, ಮಾತೆಲ್ಲ ಕರಗಿಹೋಗಿ, ಬರೀ ಮನೆ ಉಳಿಯಿತು. ಡೈರೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. 'ಇದೇ. ಆದ್ರೆ ಆ ನಗು ಬೇಡ. ಅವಳು ಅಳೋ ಹಾಗಿದ್ದಾಳೆ, ಹಿಂದೆ ನಗು ಬಂದ್ರೆ ಸೀನು ಹೋಯ್ತು,' ಎಂದರು. ಅವನು ನಗುವನ್ನು ಕತ್ತರಿಸಿ ಹಾಕಿದ. ಚೆನ್ನಾಗಿ, ಗಾಯ ಕಾಣದ ಹಾಗೆ ಕತ್ತರಿಸಿದ.

ಟಿವಿಗೆಂದು ಎಲ್ಲವನ್ನೂ ಎರಡೇ ಸ್ಪೀಕರಿಗೆ ಇಳಿಸಿದಾಗ ಆ ಮಾತು ನಾಯಕಿಯ ಉಸಿರಿನ ಕೆಳಗೆ ಎಲ್ಲೋ ಹುದುಗಿಹೋಗುತ್ತದೆ. ಹಳೆಯ ಥಿಯೇಟರುಗಳಲ್ಲಾಗಿದ್ದರೆ ಎರಡು ಗೋಡೆಗೂ ಒಂದೇ ಸದ್ದು, ಅಮ್ಮ ಅತ್ತೆ ಇಬ್ಬರೂ ಎಲ್ಲ ಕಡೆ ಇರುತ್ತಿದ್ದರು. ಈ ಡಿಜಿಟಲ್ಲಿನಲ್ಲಿ ಹಾಗಲ್ಲ. ಎಡಕ್ಕೆ ಕೊಟ್ಟದ್ದು ಎಡಕ್ಕೇ, ಬಲಕ್ಕೆ ಕೊಟ್ಟದ್ದು ಬಲಕ್ಕೇ, ಕೊನೆಯವರೆಗೂ ಒಂದರ ಗಾಳಿ ಇನ್ನೊಂದಕ್ಕೆ ಸೋಕುವುದಿಲ್ಲ. ನಡುವೆ ಕೂತವನಿಗೆ ಮನೆ ಕೇಳುತ್ತದೆ. ಗೋಡೆಯ ಪಕ್ಕ ಕೂತವನಿಗೆ ತಲೆಯ ಮೇಲೆ ಒಬ್ಬರ ಮಾತು ಮಾತ್ರ, ಅರ್ಧ ಫೋನು ಕೇಳಿಸಿಕೊಂಡ ಹಾಗೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವನು, ಒಂದೇ ಒಂದು ಸಲ ಎದ್ದು ಹೋಗಿ ಗೋಡೆಯ ಪಕ್ಕ ನಿಂತು ಕೇಳಿರಲಿಲ್ಲ. ಈಗ ಪ್ರಶ್ನೆ ಇಲ್ಲದೆ, ನಗು ಇಲ್ಲದೆ, ಆ ಒಂದು ಮಾತು ಬೋಳಾಗಿ ಎಡಗೋಡೆಯ ಮೇಲೆ ಕೂತಿದೆ. ನೀನು ಹೋದ್ರೆ ಹೋಗು. ಅತ್ತೆ ನಿಜವಾಗಿ ಹೋಗಿದ್ದಾಳೆ. ಅಮ್ಮ ನಿಜವಾಗಿ ಚಿಲಕಕ್ಕೆ ಸಿಕ್ಕಿಸುತ್ತಿದ್ದಾಳೆ. ಅತ್ತೆ ಆ ಗೋಡೆಯ ಪಕ್ಕ ಕೂತು ಇದನ್ನು ಕೇಳಿಸಿಕೊಂಡರೆ ಮುಗಿಯಿತು, ಇನ್ನು ಈ ಜನ್ಮದಲ್ಲಿ ಅವಳು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಥಿಯೇಟರಿಗೆ ಬೇಗ ಹೋಗಬೇಕಾಗಿತ್ತು. ಅಮ್ಮನನ್ನು ಆಮೇಲೆ ಎದುರುಮನೆಯವರು ಕಾರಿನಲ್ಲಿ ಇಳಿಸುವುದೆಂದಾಗಿತ್ತು. ಆಟೋದಲ್ಲಿ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಗಂಭೀರವಾಗಿಯೇ ಕೇಳಿಸಿಕೊಂಡಳು.

'ಅಂದ್ರೆ ಅಮ್ಮ ಎಡಗೋಡೆ, ಅತ್ತೆ ಬಲಗೋಡೆ.'

'ಹ್ಞೂ.'

'ನೀವು ಕೂತು ಕೇಳಿದ್ದು ನಡುವೆ.'

'ಎಲ್ಲರೂ ಅಲ್ಲೇ ಕೂತು ಕೇಳೋದು. ಅದೇ ಸರಿಯಾದ ಜಾಗ.'

'ಅಯ್ಯೋ, ನಾನೆಲ್ಲಿ ತಪ್ಪು ಅಂದೆ. ನೀವು ಇನ್ನೆಲ್ಲಿ ಕೂತೀರಿ,' ಎಂದವಳು ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾಳೋ ಎಂದು ಅವನು ಬಗ್ಗಿ ನೋಡಿದರೆ ಬಾಯಿಗೆ ಕರ್ಚೀಫು ತುರುಕಿಕೊಂಡು ನಗುತ್ತಿದ್ದಳು. ಆಟೋದವನು ಕನ್ನಡಿಯಲ್ಲಿ ನೋಡಿದ. 'ಸ್ಕ್ರೂ ತಂದಿದ್ರೆ ಇಷ್ಟೆಲ್ಲಾ ಆಗ್ತಿತ್ತಾ ರೀ,' ಎಂದಳು ಕಣ್ಣೊರೆಸಿಕೊಳ್ಳುತ್ತ. ಅವನಿಗೂ ನಗು ಬರುವುದರಲ್ಲಿತ್ತು, ತಡೆದುಕೊಂಡ. ತನಗೆ ಈಗ ನಗುವ ಹಕ್ಕಿಲ್ಲ ಎಂದೆನಿಸಿತು. ನಗುವನ್ನು ಕತ್ತರಿಸಿದವನು ತಾನು.

ಖಾಲಿ ಥಿಯೇಟರಿನಲ್ಲಿ ಅವನು ಮೊದಲು ಮಾಡುವ ಕೆಲಸ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುವುದು. ಗುಂಯ್ ಎನ್ನುತ್ತದೆಯೋ, ಅಲ್ಲೇ ಬಿದ್ದುಹೋಗುತ್ತದೆಯೋ ನೋಡಬೇಕು. ಇಲ್ಲಿ ಚಪ್ಪಾಳೆ ಚೊಕ್ಕವಾಗಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ ತಟ್ಟಿದ ಜಾಗದಲ್ಲೇ ನಿಂತಿತು. ಬೇರೆ ದಿನವಾಗಿದ್ದರೆ ಅವನು ಕುಣಿದಾಡುತ್ತಿದ್ದ. ಏದುಸಿರು ಬಿಡುತ್ತ ಪ್ರೊಜೆಕ್ಟರ್ ರೂಮಿಗೆ ಹತ್ತಿ ಹೋದ. ಆಪರೇಟರು ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಊಟಕ್ಕೆ ಕೂತಿದ್ದ.

'ಹಿಂದಿನ ಸ್ಪೀಕರು ಸ್ವಲ್ಪ ಕಡಿಮೆ ಮಾಡೋಕಾಗುತ್ತಾ?' ಎಂದು ಇವನು ಕೇಳಿದ.

ಆಪರೇಟರು ತುತ್ತು ನುಂಗಿ ಇವನನ್ನು ಮೇಲಿಂದ ಕೆಳಗೆ ನೋಡಿದ. 'ನೀವು ಸೌಂಡಿನವರು ಅಂದ್ರಲ್ಲ ಸರ್.'

'ಹೌದು.'

'ಈ ಬಾಗಿಲಿಗೆ ಬರೋ ಸೌಂಡಿನವರೆಲ್ಲ ಹಿಂದಿಂದು ಜಾಸ್ತಿ ಮಾಡು ಅಂತ ಜಗಳ ಆಡ್ಕೊಂಡೇ ಹೋಗಿರೋದು. ಕಡಿಮೆ ಮಾಡು ಅಂದೋರು ನೀವೇ ಮೊದಲು.'

'ಇಲ್ಲಿ ಹಳೇ ಸಿಸ್ಟಮ್ಮಾ? ಎರಡು ಗೋಡೆಗೂ ಒಂದೇ ಬರುತ್ತಾ?' ದನಿಯಲ್ಲಿ ಆಸೆ ಇಣುಕಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಆಪರೇಟರಿಗೆ ಅವಮಾನವಾಯಿತು. ಡಬ್ಬಿ ಮುಚ್ಚಿಟ್ಟು ಎದ್ದ. 'ಹಳೇದಾ? ಎಲ್ಲಾ ಹೊಸದು ಸರ್. ಆರೂ ಬೇರೆ ಬೇರೆ. ಜನಕ್ಕೆ ಗೊತ್ತಾಗ್ಲಿ ಅಂತ ಓನರು ಗೋಡೆದು ಒಂದು ಚೂರು ಏರಿಸೇ ಇಡು ಅಂದಿದಾರೆ. ನೀವೇ ಕೇಳಿ.' ಗುಂಡಿ ಒತ್ತಿದ. ಕೆಳಗೆ ಖಾಲಿ ಹಾಲಿನಲ್ಲಿ ಕಾದ ಕಾವಲಿಗೆ ನೀರು ಚಿಮುಕಿಸಿದಂಥ ಶ್ ಎಂಬ ಸದ್ದು ಪರದೆಯ ಎಡಕ್ಕೆ ಹುಟ್ಟಿತು, ನಡುವೆ ಬಂತು, ಬಲಕ್ಕೆ ಹೋಯಿತು, ಬಲಗೋಡೆಗೆ ಹತ್ತಿತು, ಎಡಗೋಡೆಗೆ ದಾಟಿತು. ಒಂದು ನಿಂತ ಮೇಲೆಯೇ ಇನ್ನೊಂದು, ಒಂದಿಷ್ಟೂ ಸೋರಿಕೆಯಿಲ್ಲ. ಕಿಂಡಿಗೆ ಮುಖವಿಟ್ಟು ಕೇಳುತ್ತಿದ್ದ ಅವನಿಗೆ ಹೆದರಿಕೆಯ ನಡುವೆಯೂ ಮೈ ಜುಮ್ಮೆಂದಿತು. ಇಷ್ಟು ಒಳ್ಳೆಯ ಥಿಯೇಟರಿನಲ್ಲಿ ತನ್ನ ಕೆಲಸ ಎಂದೂ ಕೇಳಿರಲಿಲ್ಲ. 'ಹೇಗಿದೆ ಸರ್?' ಎಂದ ಆಪರೇಟರು. 'ತುಂಬಾ ಚೆನ್ನಾಗಿದೆ,' ಎಂದ, ಮತ್ತು ಅದು ಸತ್ಯವಾಗಿತ್ತು. ಕಡಿಮೆ ಮಾಡುವ ಮಾತನ್ನು ಮತ್ತೆ ಎತ್ತಲು ಅವನಿಗೆ ಮನಸ್ಸು ಬರಲಿಲ್ಲ.

ಪಾಸಿನವರು ಎಲ್ಲಿ ಬೇಕಾದರೂ ಕೂರಬಹುದಿತ್ತು. ಅವನು ಕೆಳಗೆ ಬರುವಷ್ಟರಲ್ಲಿ ಅತ್ತೆ ಬಂದು ಕೂತಾಗಿತ್ತು, ಎಡಗೋಡೆಗೆ ಒತ್ತಿ, ಹೊರಗೆ ಹೋಗುವ ಬಾಗಿಲಿನ ಹತ್ತಿರ. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿದಳು. ಅವನನ್ನು ನೋಡಿದಳು. ಅವನ ಹೆಂಡತಿಯನ್ನು ನೋಡಿದಳು. ಯಾರಿಗೂ ಏನೂ ಹೇಳದೆ ಅದೇ ಸಾಲಿನಲ್ಲಿ, ಕೂತವರ ಮಂಡಿಗಳನ್ನು ಸರಿಸಿಕೊಂಡು, ಈ ತುದಿಯಿಂದ ಆ ತುದಿಗೆ ನಡೆದುಹೋಗಿ ಬಲಗೋಡೆಯ ಪಕ್ಕದ ಕೊನೆಯ ಸೀಟಿನಲ್ಲಿ ಕೂತಳು. ಎಂಥ ಕೂಟ ಕೂಡಿಬಂತು ಎಂದು ಅವನಿಗೆ ತಲೆ ತಿರುಗಿತು. ಅಮ್ಮನ ದನಿಯ ಕೆಳಗೆ ಅತ್ತೆ, ಅತ್ತೆಯ ದನಿಯ ಕೆಳಗೆ ಅಮ್ಮ. ಬೇಕೆಂದೇ ಕೂರಿಸಿದರೂ ಇಷ್ಟು ಕರಾರುವಾಕ್ಕಾಗಿ ಕೂರಿಸಲಾಗುತ್ತಿರಲಿಲ್ಲ.

ಎದ್ದು ಬಲಕ್ಕೆ ಹೋದ. 'ಅಮ್ಮ, ನಡುವೆ ಬಾ. ಅಲ್ಲಿ ಸೌಂಡ್ ಚೆನ್ನಾಗಿರುತ್ತೆ.'

'ನನಗೆ ಇಲ್ಲೇ ಚೆನ್ನಾಗಿದೆ.' ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಇನ್ನೂ ಖಾಲಿ ಪರದೆ. 'ಅವಳೇನು, ಆ ತಣ್ಣಗಾಳಿ ಬರೋ ಕಡೆನೇ ಹುಡುಕ್ಕೊಂಡು ಹೋಗಿ ಕೂತಿದ್ದಾಳೆ? ನಾಳೆ ನೆಗಡಿ ಗ್ಯಾರಂಟಿ. ಹೋಗಿ ಹೇಳು.'

'ನೀನೇ ಹೇಳಮ್ಮ.'

'ನಾನ್ಯಾಕೆ ಹೇಳ್ಲಿ?'

ಎಡಕ್ಕೆ ಹೋದ. 'ಅತ್ತೆ, ಇಲ್ಲಿ ಗಾಳಿ ಬರುತ್ತೆ. ನಡುವೆ ಬನ್ನಿ.'

'ನಡುವೆ ಕೂರೋದು ನಿಂಗೆ ಅಭ್ಯಾಸ ಕಣಪ್ಪ, ನಂಗಿಲ್ಲ,' ಎಂದಳು ಅತ್ತೆ, ಒಂದೊಂದು ಅಕ್ಷರ ಬಿಡಿಸಿ. ಸ್ವಲ್ಪ ತಡೆದು, 'ನಿಮ್ಮಮ್ಮ ಯಾಕೆ ಅಷ್ಟು ಇಳಿದುಹೋಗಿದ್ದಾರೆ? ಸರಿಯಾಗಿ ಊಟ ಮಾಡ್ತಾರಾ?' ಎಂದಳು. 'ನೀವೇ ಕೇಳಿ' ಎಂಬ ಮಾತು ಅವನ ನಾಲಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ದೀಪ ಆರಿತು.

ಅವನು ಹೆಂಡತಿಗೂ ಡೈರೆಕ್ಟರಿಗೂ ನಡುವೆ ಕೂತ. ಸಿನಿಮಾ ಶುರುವಾಯಿತು. ಸದ್ದು ಶುರುವಾಯಿತು ಎನ್ನಬೇಕು, ಅವನು ಪರದೆಯನ್ನು ಅಷ್ಟಾಗಿ ನೋಡುವವನಲ್ಲ. ಒಂದು ಸೈಕಲ್ಲು ಎಡದಿಂದ ಬಲಕ್ಕೆ ಕಿರಗುಟ್ಟುತ್ತ ಹೋಯಿತು, ಮುಂದಿನ ಸಾಲಿನ ತಲೆಗಳು ಗಾಳಿಗೆ ಬಾಗಿದ ಪೈರಿನ ಹಾಗೆ ಒಟ್ಟಿಗೆ ತಿರುಗಿದವು. ಅವನಿಗೆ ಹಿಗ್ಗು ತಡೆಯಲಾಗಲಿಲ್ಲ. ಆ ಕಿರಗುಟ್ಟುವಿಕೆಗೆ ಅವನು ಎಷ್ಟು ಗೇಟುಗಳನ್ನು ತೆರೆದು ಮುಚ್ಚಿ ಬೈಸಿಕೊಂಡಿದ್ದ. ಹಿಂದೆ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕತೊಡಗಿತು. ಬಲಕ್ಕೆ ಕಣ್ಣು ಹಾಯಿಸಿದರೆ ಅಮ್ಮ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದಳು, ಯಾರಪ್ಪ ಅದು ನಲ್ಲಿ ಬಿಟ್ಟು ಬಂದವರು ಎನ್ನುವ ಮುಖದಲ್ಲಿ. ನಿಲ್ಲಿಸಲು ಎದ್ದೇ ಬಿಡುತ್ತಾಳೇನೋ ಎನಿಸಿತು. ಇಷ್ಟು ಕಾಲ ತನ್ನ ಕೆಲಸವನ್ನು ಯಾರಾದರೂ ಅರ್ಥ ಮಾಡಿಕೊಳ್ಳಲಿ ಎಂದು ಹಂಬಲಿಸಿದ್ದನಲ್ಲ, ಇದೇ ಅದು. ಒಂದು ಹೆಂಗಸು ಇಲ್ಲದ ನಲ್ಲಿಯನ್ನು ನಿಲ್ಲಿಸಬೇಕೆಂದುಕೊಳ್ಳುವುದು. ಸಂತೋಷವಾಯಿತು, ಅದರ ಬೆನ್ನಿಗೇ ಭಯವೂ ಬಂತು. ಆ ನಲ್ಲಿ ಅಷ್ಟು ಸ್ಪಷ್ಟ ಕೇಳ್ತಾ ಇದೆ ಅಂದ್ರೆ ಆ ಮಾತೂ ಕೇಳುತ್ತೆ. ಹೆಂಡತಿ ಅವನ ಮುಂಗೈ ಹಿಡಿದುಕೊಂಡಳು. 'ಎಷ್ಟೊತ್ತಿಗೆ ಬರುತ್ತೆ?' ಎಂದು ಕಿವಿಯಲ್ಲಿ ಕೇಳಿದಳು. 'ಇಂಟರ್‌ವಲ್ ಆದ್ಮೇಲೆ,' ಎಂದ. ಇಂಟರ್‌ವಲ್ಲಿನಲ್ಲಿ ಅಮ್ಮ, ಅತ್ತೆ ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಎರಡು ಗೋಡೆಗೆ ಎರಡು ಮೊಳೆ ಹೊಡೆದ ಹಾಗೆ ಕೂತಿದ್ದರು. ಅವನು ಎರಡು ಕಾಫಿ ತಂದು ಬಲಕ್ಕೊಂದು ಎಡಕ್ಕೊಂದು ಕೊಟ್ಟ. 'ಅವಳಿಗೆ ಸಕ್ಕರೆ ಹಾಕ್ಸಿಲ್ಲ ತಾನೆ?' ಎಂದು ಬಲಗೋಡೆ ಕೇಳಿತು.

ಕೋಣೆ ಬಂತು. ನಾಯಕಿ ಕಿಟಕಿಗೆ ಬೆನ್ನು ಹಾಕಿ ಮಂಚದ ಮೇಲೆ ಕೂತಳು. ಅವಳ ಉಸಿರು ಪರದೆಯ ನಡುವಿನಿಂದ, ಗಡಿಯಾರ ಸ್ವಲ್ಪ ಎಡದಿಂದ. ಆಮೇಲೆ ಬೆನ್ನ ಹಿಂದೆ ಮೆಲ್ಲಗೆ ಮನೆ ತೆರೆದುಕೊಂಡಿತು. ಫಟ್ ಎಂದು ಬಟ್ಟೆ ಜಾಡಿಸಿದ ಸದ್ದು. ಅವನು ಕೂತಲ್ಲಿಗೆ ಮಾತು ಕೇಳುತ್ತಿರಲಿಲ್ಲ, ಬರೀ ಗುಜುಗುಜು, ಅವನು ಮಾಡಿದ ಹಾಗೇ, ಬೆಚ್ಚಗೆ. ಆದರೆ ಅವನಿಗೆ ಪ್ರತಿಯೊಂದು ಮಾತೂ ಬಾಯಿಪಾಠ. ಎಳೀಬೇಡಿ ಎಂದಿತು ಬಲಗೋಡೆ. ಬಾ ಎಂದಿತು ಎಡಗೋಡೆ. ಬಲಕ್ಕೆ ನೋಡಲು ಧೈರ್ಯ ಸಾಲದೆ ಎಡಕ್ಕೆ ನೋಡಿದ. ಪರದೆಯ ಬೆಳಕಿನಲ್ಲಿ ಅತ್ತೆ ತಲೆಯೆತ್ತಿ ತನ್ನ ಮೇಲಿನ ಸ್ಪೀಕರನ್ನು ನೋಡುತ್ತಿದ್ದಳು. ಬಲಗೋಡೆ ಕೇಳಿತು, ನಾನಿಲ್ದಿದ್ರೆ ಈ ತುದಿ ಯಾರು ಹಿಡೀತಿದ್ರು ನಿಮಗೆ. ಅವನು ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದ. ಅವನ ಬೆರಳು ತಾನಾಗಿ, ಇಲ್ಲಿ ಇಲ್ಲದ, ಸದ್ದು ತಗ್ಗಿಸುವ ಫೇಡರನ್ನು ಕೆಳಕ್ಕೆ ಎಳೆಯುತ್ತಿತ್ತು. ಎಡಗೋಡೆ ಅಂದೇಬಿಟ್ಟಿತು. ನೀನು ಹೋದ್ರೆ ಹೋಗು, ಚಿಲಕಕ್ಕೆ ಸಿಕ್ಕಿಸ್ಕೋತೀನಿ.

ಆಮೇಲೆ ಅವನು ನಗು ಕತ್ತರಿಸಿದ ಜಾಗ ಬಂತು. ಗಡಿಯಾರ ಮಾತ್ರ ಇತ್ತು. ತಾನು ಮಾಡಿದ ಕೆಲಸಗಳಲ್ಲೆಲ್ಲ ಇಷ್ಟು ಉದ್ದದ ಮೌನವನ್ನು ಅವನು ಕೇಳಿರಲಿಲ್ಲ. ಅತ್ತೆ ಏಳುತ್ತಾಳೆ, ಬಾಗಿಲು ಅವಳ ಪಕ್ಕದಲ್ಲೇ ಇದೆ, ಈಗ ಬಾಗಿಲು ತೆರೆದ ಬೆಳಕು ಬೀಳುತ್ತದೆ ಎಂದು ಕಾದ.

'ಅತ್ತಿಗೆ,' ಎಂದಿತು ಒಂದು ದನಿ. ಒಂದೊಂದು ಅಕ್ಷರವೂ ಬಿಡಿಸಿದ್ದು, ಥಿಯೇಟರಿನ ಆ ತುದಿಗೆ ಮುಟ್ಟುವಂಥದ್ದು. 'ಚಿಲಕ ಹಿಡಿಯುತ್ತಾ?'

ಆ ದನಿ ಎಡದಿಂದ ಬಂದಿತ್ತು. ಅತ್ತೆಯನ್ನು ಅವನು ಎಡಕ್ಕೆ ಹಾಕಿಯೇ ಇರಲಿಲ್ಲ.

ಬಲಗಡೆ ಯಾರೋ ಗಂಟಲು ಸರಿಮಾಡಿಕೊಂಡರು. 'ಎಲ್ಲಿ ಹಿಡಿಯುತ್ತೆ,' ಎಂದಳು ಅಮ್ಮ. 'ಜಾರುತ್ತೆ ಕಣೇ. ನೀನು ಹೋದಾಗಿಂದ ಒಂದು ಶೀಟೂ ನೆಟ್ಟಗೆ ಮಡಚಿಲ್ಲ.'

ಅತ್ತೆಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ ಬಾಯಲ್ಲಿ. ಅದು ಥಿಯೇಟರು ದಾಟಿ ಹೋಗಿ ಅಮ್ಮನಿಗೆ ತಗಲಿತು, ಅಮ್ಮನೂ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವ, ಉಸಿರು ಸಿಗದ, ಕುರ್ಚಿ ಬೇಕಾಗುವ ಅದೇ ನಗು, ಅವನು ಕತ್ತರಿಸಿ ಎಸೆದ ಜಾಗಕ್ಕೆ ಸರಿಯಾಗಿ ಬಂದು ಕೂತಿತು. ಅಳಬೇಕಾಗಿದ್ದ ನಾಯಕಿ ಮಂಚದ ಮೇಲೆ ತಲೆ ತಗ್ಗಿಸಿದಳು, ಅವಳೂ ಎಲ್ಲೋ ನಗುತ್ತಿದ್ದಾಳೆ ಎನಿಸಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಸಿನಿಮಾದ್ದೇ ಎಂದುಕೊಂಡು. ಹಿಂದೆ ಇನ್ಯಾರೋ ನಕ್ಕರು. ಅವನ ಹೆಂಡತಿ ಕರ್ಚೀಫು ಹುಡುಕುತ್ತಿದ್ದಳು, ಅವನಿಗೆ ಕಣ್ಣು ಮಂಜಾಗಿ ಪರದೆ ಕಾಣುತ್ತಿರಲಿಲ್ಲ, ಕಾಣಬೇಕೆಂದೂ ಇರಲಿಲ್ಲ. ಜೋರು ಕಡಿಮೆ ಮಾಡುವವನು ಇವತ್ತು ಏನೂ ಮಾಡಬೇಕಾಗಿರಲಿಲ್ಲ. ಇಷ್ಟು ಸುಖ ತನಗೆ ಯಾವತ್ತು ಆಗಿತ್ತೆಂದು ನೆನಪಾಗಲಿಲ್ಲ.

ನಗು ಇನ್ನೂ ಪೂರ್ತಿ ನಿಂತಿರಲಿಲ್ಲ, ಅವನ ಬೆನ್ನ ಹಿಂದೆ ಚಪ್ಪಲಿಯ ಸದ್ದು ಕೇಳಿತು. ಕೊನೆಯ ಸಾಲಿನ ಹಿಂದಿನ ಹಾದಿಯಲ್ಲಿ, ಎಡಗೋಡೆಯಿಂದ ಹೊರಟು, ಕತ್ತಲಲ್ಲಿ ಒಂದೊಂದೇ ಹೆಜ್ಜೆ ಹುಡುಕಿಕೊಂಡು, ಅವನ ತಲೆಯ ನೇರ ಹಿಂದೆ ಬಂದು, ಅವನನ್ನು ದಾಟಿ ಬಲಕ್ಕೆ ಹೋಗುತ್ತಿತ್ತು. ಅವನು ತಿರುಗಿ ನೋಡಲಿಲ್ಲ.

'ಈ ಚಪ್ಪಲಿ ಸೌಂಡು ಯಾವಾಗ ಹಾಕಿದ್ರಿ?' ಎಂದು ಡೈರೆಕ್ಟರು ಬಗ್ಗಿ ಪಿಸುಗುಟ್ಟಿದರು. 'ನಾನು ಕೇಳೇ ಇರ್ಲಿಲ್ಲ. ತುಂಬಾ ಚೆನ್ನಾಗಿದೆ.'

'ನಾನು ಹಾಕಿದ್ದಲ್ಲ,' ಎಂದ ಅವನು.

ಬಲಗೋಡೆಯ ಹತ್ತಿರ, ಅಮ್ಮನ ಪಕ್ಕದಲ್ಲಿ, ಮಡಚಿಕೊಂಡಿದ್ದ ಒಂದು ಸೀಟು ಬಿಚ್ಚಿಕೊಂಡ ಸದ್ದಾಯಿತು.